'ವಾನ್‌ಸುಯಿ': ಒಂದು ಚೀನೀ ಘೋಷದ ಅರ್ಥಪರಿವರ್ತನೆ

ಚೀನಾದ ಇತಿಹಾಸವನ್ನು ಅಭ್ಯಾಸ ಮಾಡುವವರಿಗೆ ಪದೇ ಪದೇ ಎದುರಾಗುವ ಉದ್ಗಾರ 'ವಾನ್‌ಸುಯಿ'. ಇದರ ಶಬ್ದಾರ್ಥ 'ಹತ್ತು ಸಾವಿರ ವರ್ಷ'. ಇದನ್ನು 'ಚಕ್ರವರ್ತಿ ಚಿರಾಯುವಾಗಲಿ' ಎಂದು ವಿವರಿಸಿ ಮುಂದೆ ಸಾಗುವುದು ಸುಲಭ. ಆದರೆ ಈ ಅರ್ಥವು ಎಲ್ಲ ಕಾಲಕ್ಕೂ ಸಲ್ಲದೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಕ್ರಿ.ಪೂ. 221ರಲ್ಲಿ ಚೀನಾ ಒಂದೇ ಸಾಮ್ರಾಜ್ಯವಾಗುವುದಕ್ಕೆ ಮುನ್ನ ಈ ಘೋಷ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಚಿ ರಾಜ್ಯದ ಸಾಮಂತ ಮೆಂಗ್‌ಚಾಂಗನ ಆಶ್ರಿತನಾದ ಫೆಂಗ್ ಷ್ವಾನ್ ಎಂಬವನು ಸಾಲ ವಸೂಲಿಗೆಂದು ಹೋಗಿ, ರೈತರ ಸಾಲಪತ್ರಗಳನ್ನೆಲ್ಲ ಸುಟ್ಟುಬಿಟ್ಟನೆಂದೂ ಆಗ ಜನರು 'ವಾನ್‌ಸುಯಿ' ಎಂದು ಕೂಗಿದರೆಂದೂ 'ಝಾನ್‌ಗ್ವೋ ತ್ಸೆ' ಗ್ರಂಥದಲ್ಲಿ ಹೇಳಿದೆ. ಋಣಮುಕ್ತರಾದ ಜನರ ಹರ್ಷೋದ್ಗಾರವಿದು. ಮುಂದಿನ ಕಾಲದ ಅರ್ಥವನ್ನು ಇಲ್ಲಿಗೆ ಹಚ್ಚಿದರೆ ಇದು ರಾಜದ್ರೋಹದಂತೆ ತೋರೀತು! ಇದೇ ಶಬ್ದ ಮರಣದ ಸೌಮ್ಯೋಕ್ತಿಯೂ ಆಗಿದ್ದಿತು. ಹಾನ್ ವಂಶದ ಸ್ಥಾಪಕ ಗಾವೋತ್ಸು ಕ್ರಿ.ಪೂ. 195ರಲ್ಲಿ ಹುಟ್ಟೂರಿನ ಕಡೆಗೆ ಬಂದಾಗ, 'ಹತ್ತು ಸಾವಿರ ವರ್ಷಗಳ ಅನಂತರವೂ' ತನ್ನ ಆತ್ಮ ಆ ನೆಲವನ್ನು ನೆನೆಯುವುದೆಂದನು. ತಾನು ಸತ್ತ ಮೇಲೆ ಎಂಬುದೇ ಅದರ ತಾತ್ಪರ್ಯ.

ಕ್ರಿ.ಪೂ. 110ರಲ್ಲಿ ವೂ ಚಕ್ರವರ್ತಿ ಸುಂಗ್ ಪರ್ವತವನ್ನೇರಿದಾಗ ಅದೃಶ್ಯ ಧ್ವನಿಯೊಂದು 'ವಾನ್‌ಸುಯಿ' ಎಂದಿತೆಂದು ಪರಿವಾರದವರು ವರದಿ ಮಾಡಿದರು. ಹೀಗೆ ಘೋಷಕ್ಕೆ ದೈವದ ಮುದ್ರೆ ಬಿದ್ದು, ಕ್ರಮೇಣ ಅದು ಸಿಂಹಾಸನಕ್ಕೆ ಮೀಸಲಾಯಿತು. ಈ ಮೀಸಲಿನ ಬಿಗಿಯನ್ನು ಮಿಂಗ್ ಕಾಲದ ಒಂದು ನಿದರ್ಶನದಿಂದ ಅರಿಯಬಹುದು. ಸರ್ವಾಧಿಕಾರಿಯಂತೆ ಮೆರೆದು 1627ರಲ್ಲಿ ಅಳಿದ ನಪುಂಸಕ ಅಧಿಕಾರಿ ವೆಯ್ ಝೋಂಗ್‌ಷಿಯಾನನನ್ನು ಹೊಗಳುಭಟರು 'ಒಂಬತ್ತು ಸಾವಿರ ವರ್ಷ' ಎಂದು ಕರೆದರು. ಮುಖಸ್ತುತಿಯೂ ಒಂದು ಸಾವಿರ ವರ್ಷ ಹಿಂದೆಯೇ ನಿಲ್ಲಬೇಕಾಯಿತು.

ನೆರೆಯ ನಾಡುಗಳಲ್ಲಿ ಇದೇ ಶಬ್ದ ಜಪಾನಿನ 'ಬಾನ್‌ಜಾಯ್', ಕೊರಿಯದ 'ಮಾನ್ಸೆ' ಆಯಿತು. 1919ರ ಮಾರ್ಚ್ 1ರಂದು ಜಪಾನೀ ಆಳ್ವಿಕೆಯ ವಿರುದ್ಧ ಕೊರಿಯದ ಜನರು ಕೂಗಿದ್ದು ಈ 'ಮಾನ್ಸೆ'ಯನ್ನೇ. ಅಲ್ಲಿ ಅದರ ಅರ್ಥ ಸ್ವಾತಂತ್ರ್ಯ.

ಚೀನಾದಲ್ಲಿ 1912ರಲ್ಲಿ ಚಕ್ರವರ್ತಿ ಪದವಿ ಅಳಿದರೂ ಘೋಷ ಅಳಿಯಲಿಲ್ಲ. ಪೀಕಿಂಗಿನ ತಿಯೆನಾನ್‌ಮೆನ್ ದ್ವಾರದ ಮೇಲೆ ಇಂದು ಅದು ಜನತಾ ಗಣರಾಜ್ಯಕ್ಕೂ ವಿಶ್ವದ ಜನತೆಯ ಐಕ್ಯಕ್ಕೂ ಸಲ್ಲುತ್ತಿದೆ. ಆದರೆ 1966-76ರ ಸಾಂಸ್ಕೃತಿಕ ಕ್ರಾಂತಿಯಲ್ಲಿ ಅದೇ ಕೂಗು ಮಾವೋ ತ್ಸೆ ತುಂಗ್ ಎಂಬ ಒಬ್ಬ ವ್ಯಕ್ತಿಯ ಹೆಸರಿಗೆ ಮತ್ತೆ ಅಂಟಿಕೊಂಡಿತು.

ಆದುದರಿಂದ ಈ ಘೋಷ ಕಂಡಲ್ಲೆಲ್ಲ ಅದರ ಅರ್ಥವನ್ನು ನಿಘಂಟಿನಲ್ಲಿ ನೋಡಿದರೆ ಸಾಲದು. ಯಾರು ಕೂಗಿದರು, ಯಾರಿಗಾಗಿ ಕೂಗಿದರು, ಕೂಗದಿರಲು ಅವರಿಗೆ ಸ್ವಾತಂತ್ರ್ಯವಿದ್ದಿತೆ ಎಂಬುದನ್ನೂ ವಿಚಾರಿಸುವುದು ಚರಿತ್ರಕಾರನ ಕರ್ತವ್ಯವೆಂದು ನಾವು ಭಾವಿಸುತ್ತೇವೆ.