ಬಾಂಬಿನ ಗುರಿಯಿಂದ ಹವಳದ ತಾಣಕ್ಕೆ: ಮೊಲೊಕಿನಿಯ ಅರ್ಧ ದಿನ

ಕಡಲತೀರಕ್ಕೆ ರಜೆ ಕಳೆಯಲು ಹೋದವರಿಗೆ ಇಂದು ಸುಲಭವಾಗಿ ದೊರೆಯುವ ಒಂದು ವಿಹಾರವೆಂದರೆ ಸ್ನಾರ್ಕೆಲಿಂಗ್. ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡ, ಬಾಯಲ್ಲಿ ಕಚ್ಚಿಕೊಳ್ಳುವ ಬಾಗಿದ ಕೊಳವೆ, ಕಾಲಿಗೆ ರಬ್ಬರಿನ ಈಜುಪಾದ. ಇಷ್ಟನ್ನು ತೊಟ್ಟು, ನೀರಿನ ಮೇಲೆ ಬೋರಲಾಗಿ ತೇಲುತ್ತ ಕೆಳಗಿನ ಹವಳಗಳನ್ನೂ ಮೀನುಗಳನ್ನೂ ನೋಡುವುದು. ಬೆನ್ನಿಗೆ ಗಾಳಿಯ ಸಿಲಿಂಡರ್ ಬೇಕಿಲ್ಲ, ದೀರ್ಘ ತರಬೇತಿಯೂ ಬೇಕಿಲ್ಲ. ಬೆಳಿಗ್ಗೆ ದೋಣಿ ಹತ್ತಿದರೆ ಊಟದ ಹೊತ್ತಿಗೆ ದಡಕ್ಕೆ ಮರಳಬಹುದು.

ಇಂಥ ಅರ್ಧ ದಿನದ ಪ್ರಯಾಣಕ್ಕೆ ಜಗತ್ತಿನಲ್ಲೇ ಹೆಸರಾದ ತಾಣಗಳಲ್ಲಿ ಒಂದು ಪೆಸಿಫಿಕ್ ಸಾಗರದ ಹವಾಯಿ ದ್ವೀಪಸಮೂಹದಲ್ಲಿರುವ ಮೊಲೊಕಿನಿ. ನೀವು ಅಲ್ಲಿಗೆ ಹೋದರೆ ದೋಣಿಯವರು ಬೆಳಿಗ್ಗೆ ಬೇಗ ಬರಲು ಹೇಳುತ್ತಾರೆ. ಹವಳವನ್ನು ಮುಟ್ಟಬಾರದೆಂದು, ಅದರ ಮೇಲೆ ನಿಲ್ಲಬಾರದೆಂದು ಎಚ್ಚರಿಸುತ್ತಾರೆ. ದೋಣಿಯು ಅಲ್ಲಿ ಲಂಗರು ಹಾಕುವುದಿಲ್ಲ. ಮೊದಲೇ ನೀರಿನಲ್ಲಿರುವ ತೇಲುಬುರುಡೆಯೊಂದಕ್ಕೆ ಹಗ್ಗ ಕಟ್ಟಿ ನಿಲ್ಲುತ್ತದೆ. ಪ್ರವಾಸಿಗರು ಇವನ್ನು ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಈ ಸಣ್ಣ ಸಂಗತಿಗಳ ಹಿಂದೆ ದೊಡ್ಡ ಇತಿಹಾಸವಿದೆ. ಅದರಲ್ಲಿ ಜ್ವಾಲಾಮುಖಿ ಇದೆ, ಜಲಾಂತರ್ಗಾಮಿ ಇದೆ, ಬಾಂಬುಗಳೂ ಇವೆ.

ಏಕೆ ಅರ್ಧ ದಿನ?

ಮೊಲೊಕಿನಿಯು ಮೌಯಿ ಮತ್ತು ಕಹೊಓಲವೆ ಎಂಬ ಎರಡು ದ್ವೀಪಗಳ ನಡುವಿನ ಕಡಲಿನಲ್ಲಿದೆ. ಮೌಯಿಯ ದಡದಿಂದ ಸುಮಾರು 4 ಕಿ.ಮೀ. ದೂರ. ಇದು ಸುಮಾರು 2 ಲಕ್ಷ 30 ಸಾವಿರ ವರ್ಷಗಳ ಹಿಂದೆ ಸ್ಫೋಟಿಸಿದ ಜ್ವಾಲಾಮುಖಿಯೊಂದರ ಬಾಯಿ. ಅದರ ಅಂಚಿನ ಒಂದು ಭಾಗ ಮಾತ್ರ ನೀರಿನಿಂದ ಮೇಲೆದ್ದು ಬಿದಿಗೆಯ ಚಂದ್ರನಂತೆ ಬಾಗಿ ನಿಂತಿದೆ. ವಿಸ್ತೀರ್ಣ ಸುಮಾರು 9 ಹೆಕ್ಟೇರ್, ಎತ್ತರ ಸುಮಾರು 50 ಮೀಟರ್. ಚಂದ್ರನ ಒಳಬಾಗಿನಲ್ಲಿ ಅಲೆಗಳ ಹೊಡೆತ ಕಡಿಮೆ. ದ್ವೀಪದಲ್ಲಿ ಹೊಳೆಯಿಲ್ಲ, ಕೆಸರು ತರುವ ತೊರೆಯಿಲ್ಲ. ಹಾಗಾಗಿ ನೀರು ಬಹಳ ತಿಳಿಯಾಗಿದ್ದು, ಒಳ್ಳೆಯ ದಿನಗಳಲ್ಲಿ 30 ಮೀಟರ್ ದೂರದವರೆಗೂ ಕಾಣುತ್ತದೆ. ಹವಳಗಳು ಬೆಳೆಯಲು ಇದಕ್ಕಿಂತ ಅನುಕೂಲ ಬೇಕೆ?

ಆದರೆ ಈ ಶಾಂತಿ ಮಧ್ಯಾಹ್ನದವರೆಗೆ ಮಾತ್ರ. ಹವಾಯಿಯಲ್ಲಿ ವರ್ಷದ ಬಹುಪಾಲು ಈಶಾನ್ಯದಿಂದ ವಾಣಿಜ್ಯ ಮಾರುತಗಳು ಬೀಸುತ್ತವೆ. ಮೌಯಿ ದ್ವೀಪದ ಪೂರ್ವಕ್ಕೆ 3,055 ಮೀಟರ್ ಎತ್ತರದ ಹಲೆಯಾಕಲ ಪರ್ವತ, ಪಶ್ಚಿಮಕ್ಕೆ ಇನ್ನೊಂದು ಬೆಟ್ಟಸಾಲು. ಇವೆರಡರ ನಡುವಿನ ತಗ್ಗು ನೆಲದಲ್ಲಿ ಗಾಳಿ ಒತ್ತೊತ್ತಾಗಿ ನುಗ್ಗುತ್ತದೆ. ಕಿರಿದಾದ ಓಣಿಯಲ್ಲಿ ಗಾಳಿಯ ವೇಗ ಹೆಚ್ಚುವುದನ್ನು ನೀವು ಗಮನಿಸಿದ್ದೀರಲ್ಲವೆ? ಇಲ್ಲಿಯೂ ಅದೇ ತತ್ತ್ವ. ಬಿಸಿಲೇರಿ ನೆಲ ಕಾದಂತೆ ಈ ಗಾಳಿ ಇನ್ನೂ ಬಿರುಸಾಗಿ, ದ್ವೀಪದಾಚೆಯ ಕಡಲನ್ನು ಕಲಕುತ್ತದೆ. ಆದ್ದರಿಂದಲೇ ದೋಣಿಗಳು ಬೆಳಿಗ್ಗೆ 7 ಗಂಟೆಯ ಹೊತ್ತಿಗೆ ಹೊರಟು ನಡುಹಗಲಿಗೆ ಮರಳುತ್ತವೆ. ‘ಅರ್ಧ ದಿನ’ ಎಂಬುದನ್ನು ಗೊತ್ತುಮಾಡಿದವರಲ್ಲಿ ಪ್ರವಾಸದ ವ್ಯಾಪಾರಿಗಳಿಗಿಂತ ಗಾಳಿಯೇ ಮುಖ್ಯ ಎನ್ನಬಹುದು.

ಕೊಳವೆ, ಗಾಜು, ಈಜುಪಾದ

ನೀರಿನೊಳಗಿಂದ ಕೊಳವೆಯ ಮೂಲಕ ಉಸಿರಾಡುವ ವಿಚಾರ ಬಹಳ ಹಳೆಯದು. ಕ್ರಿ.ಪೂ. 4ನೇ ಶತಮಾನದಲ್ಲಿಯೇ ಗ್ರೀಸಿನ ಅರಿಸ್ಟಾಟಲ್ ಆನೆಯ ಸೊಂಡಿಲನ್ನು ವಿವರಿಸುವಾಗ, ಮುಳುಗುಗಾರರು ನೀರಿನ ಮೇಲಿನ ಗಾಳಿಯನ್ನು ಎಳೆದುಕೊಳ್ಳಲು ಬಳಸುವ ಸಾಧನಕ್ಕೆ ಅದನ್ನು ಹೋಲಿಸಿದ್ದಾನೆ.

ಹಾಗಾದರೆ ಕೊಳವೆಯನ್ನು ಉದ್ದಮಾಡಿ ಹತ್ತು ಮೀಟರ್ ಆಳಕ್ಕೆ ಇಳಿಯಬಹುದೆ? ಸಾಧ್ಯವಿಲ್ಲ. ನೀರಿನಲ್ಲಿ ಒಂದು ಮೀಟರ್ ಇಳಿದರೆ ಎದೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ 100 ಗ್ರಾಂ ತೂಕದಷ್ಟು ಹೆಚ್ಚಿನ ಒತ್ತಡ ಬೀಳುತ್ತದೆ. ಇಡೀ ಎದೆಗೂಡಿನ ಲೆಕ್ಕ ಹಾಕಿ ನೋಡಿ! ಕೊಳವೆಯ ಮೂಲಕ ಶ್ವಾಸಕೋಶಕ್ಕೆ ಸಿಗುವುದು ಮೇಲ್ಮೈಯಲ್ಲಿರುವ ಸಾಮಾನ್ಯ ಒತ್ತಡದ ಗಾಳಿ. ಹೊರಗಿನಿಂದ ಒತ್ತುವ ನೀರನ್ನು ತಳ್ಳಿ ಎದೆಯನ್ನು ಹಿಗ್ಗಿಸುವ ಬಲ ನಮ್ಮ ಉಸಿರಾಟದ ಸ್ನಾಯುಗಳಿಗೆ ಇಲ್ಲ. ಜೊತೆಗೆ, ಕೊಳವೆ ಉದ್ದವಾದಷ್ಟೂ ಹೊರಬಿಟ್ಟ ಗಾಳಿ ಅದರಲ್ಲೇ ಉಳಿದು, ಮತ್ತೆ ಅದನ್ನೇ ಒಳಗೆಳೆಯಬೇಕಾಗುತ್ತದೆ. ಹೀಗಾಗಿ ಸ್ನಾರ್ಕೆಲ್ ಕೊಳವೆಯ ಉದ್ದ ಸಾಮಾನ್ಯವಾಗಿ 40 ಸೆಂಟಿಮೀಟರ್ ದಾಟುವುದಿಲ್ಲ. ಇದು ಆಳಕ್ಕೆ ಇಳಿಯುವ ಸಾಧನವಲ್ಲ, ತಲೆಯೆತ್ತದೆ ಕೆಳಗೆ ನೋಡುತ್ತಲೇ ಇರಲು ನೆರವಾಗುವ ಸಾಧನ.

ನೋಡಲು ಗಾಜೇಕೆ ಬೇಕು? ನಮ್ಮ ಕಣ್ಣು ಬೆಳಕನ್ನು ಕೇಂದ್ರೀಕರಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಭಾಗವನ್ನು ಮಾಡುವುದು ಕಣ್ಣಿನ ಮುಂಭಾಗದ ಬಾಗಿದ ಪಾರದರ್ಶಕ ಪೊರೆಯಾದ ಕಾರ್ನಿಯ. ಗಾಳಿಯಿಂದ ಕಾರ್ನಿಯಕ್ಕೆ ಬರುವ ಬೆಳಕು ಚೆನ್ನಾಗಿ ಬಾಗುತ್ತದೆ. ಆದರೆ ನೀರಿನ ವಕ್ರೀಭವನಾಂಕ 1.33, ಕಾರ್ನಿಯದ್ದು ಸುಮಾರು 1.38. ಎರಡೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ನೀರು ನೇರವಾಗಿ ಕಣ್ಣಿಗೆ ತಾಗಿದರೆ ಬೆಳಕು ಬಾಗುವುದೇ ಇಲ್ಲ ಎನ್ನಬೇಕು, ಎಲ್ಲವೂ ಮಸುಕು. ಮುಖವಾಡದ ಗಾಜು ಮಾಡುವುದು ಇಷ್ಟೇ: ಕಣ್ಣಿನ ಮುಂದೆ ಒಂದಿಷ್ಟು ಗಾಳಿಯನ್ನು ಹಿಡಿದಿಡುವುದು. ಆಗ ಹವಳ ಸ್ಪಷ್ಟವಾಗಿ ಕಾಣುತ್ತದೆ. ಆದರೆ ನಿಜವಾದ ದೂರದ ಮುಕ್ಕಾಲು ಭಾಗದಲ್ಲಿಯೇ ಇರುವಂತೆ ತೋರುತ್ತದೆ.

1930ರ ದಶಕದಲ್ಲಿ ಫ್ರಾನ್ಸಿನ ಮೆಡಿಟರೇನಿಯನ್ ತೀರದಲ್ಲಿ ಈ ಹವ್ಯಾಸ ಬೆಳೆಯಿತು. ಅಮೆರಿಕದ ಲೇಖಕ ಗೈ ಗಿಲ್‌ಪ್ಯಾಟ್ರಿಕ್ ವಿಮಾನ ಚಾಲಕರ ಹಳೆಯ ಕನ್ನಡಕಕ್ಕೆ ಲಾಂಬಿ ಮೆತ್ತಿ ನೀರು ನುಗ್ಗದಂತೆ ಮಾಡಿಕೊಂಡು ಅಲ್ಲಿ ಮೀನು ಬೇಟೆಯಾಡುತ್ತಿದ್ದ. 1938ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದ. ಇಂಥ ಕನ್ನಡಕದಲ್ಲಿ ಒಂದು ತೊಂದರೆಯಿತ್ತು. ಆಳಕ್ಕೆ ಹೋದಂತೆ ಅದು ಕಣ್ಣಿಗೆ ಒತ್ತಿಕೊಳ್ಳುತ್ತಿತ್ತು. ಮೂಗನ್ನೂ ಒಳಗೆ ಸೇರಿಸಿದ ಒಂದೇ ಗಾಜಿನ ಮುಖವಾಡ ಬಂದಮೇಲೆ, ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟು ಆ ಒತ್ತಡವನ್ನು ಸರಿದೂಗಿಸುವುದು ಸಾಧ್ಯವಾಯಿತು. ಈಜುಪಾದಕ್ಕೆ ಫ್ರಾನ್ಸಿನ ಲೂಯಿ ದ ಕಾರ್ಲಿಯು 1933ರಲ್ಲಿ ಪೇಟೆಂಟ್ ಪಡೆದ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಗಳ ಈಜುಗಾರರು ಇವನ್ನು ತೊಟ್ಟರು.

‘ಸ್ನಾರ್ಕೆಲ್’ ಎಂಬ ಹೆಸರೂ ಯುದ್ಧದ ಕೊಡುಗೆಯೇ. ಜಲಾಂತರ್ಗಾಮಿಯು ನೀರಿನಡಿಯಲ್ಲಿ ಇದ್ದುಕೊಂಡೇ ಡೀಸೆಲ್ ಎಂಜಿನ್ನಿಗೆ ಗಾಳಿ ಪಡೆಯಲು ಡಚ್ಚರು ಕೊಳವೆಯೊಂದನ್ನು ಅಳವಡಿಸಿದ್ದರು. 1940ರಲ್ಲಿ ಹಾಲೆಂಡನ್ನು ಆಕ್ರಮಿಸಿದ ಜರ್ಮನರಿಗೆ ಅದು ಕೈಗೆ ಸಿಕ್ಕಿತು. ತಮ್ಮ ಆಡುಮಾತಿನಲ್ಲಿ ಮೂಗಿಗೆ ಇದ್ದ ಹೆಸರನ್ನೇ ಅವರು ಅದಕ್ಕೆ ಇಟ್ಟರು. ಯುದ್ಧದ ನಂತರ ಅದೇ ಹೆಸರು ಈಜುಗಾರನ ಕೊಳವೆಗೂ ಅಂಟಿಕೊಂಡಿತು.

ಗುರಿಯಾದ ದ್ವೀಪ

ಅದೇ ಯುದ್ಧಕಾಲದಲ್ಲಿ ಮೊಲೊಕಿನಿಯ ಮೇಲೆ ಬಾಂಬುಗಳು ಬೀಳುತ್ತಿದ್ದವು. ಯುದ್ಧನೌಕೆಯನ್ನು ಸ್ವಲ್ಪ ಹೋಲುವ ಅದರ ಆಕಾರ ಅಮೆರಿಕದ ನೌಕಾಪಡೆಗೆ ಗುರಿ ಅಭ್ಯಾಸಕ್ಕೆ ಸರಿಹೊಂದಿತು. ಹವಾಯಿಯ ಮೂಲನಿವಾಸಿಗಳು ಮೀನು ಹಿಡಿಯಲು ತಲೆತಲಾಂತರದಿಂದ ಬರುತ್ತಿದ್ದ ಜಾಗವದು. ನೆರೆಯ ಕಹೊಓಲವೆ ದ್ವೀಪವಂತೂ 1941ರಿಂದ 1990ರವರೆಗೆ, ಅರ್ಧ ಶತಮಾನ ಕಾಲ, ಬಾಂಬ್ ಅಭ್ಯಾಸದ ಮೈದಾನವಾಗಿತ್ತು.

ಬಿದ್ದ ಬಾಂಬುಗಳೆಲ್ಲ ಸಿಡಿಯಲಿಲ್ಲ. ಕೆಲವು ಹವಳಗಳ ನಡುವೆ ಉಳಿದವು. ಕಾಲ ಬದಲಾಗಿ ಅಲ್ಲಿಗೆ ಮುಖವಾಡ ತೊಟ್ಟ ಪ್ರವಾಸಿಗರು ಬರತೊಡಗಿದಾಗ ಇವು ಸಮಸ್ಯೆಯಾದವು. ನೌಕಾಪಡೆ ಸುಲಭದ ದಾರಿ ಹಿಡಿಯಿತು. 1975ರಲ್ಲಿ ಮತ್ತು 1984ರಲ್ಲಿ ಸಿಡಿಯದ ಬಾಂಬುಗಳನ್ನು ಇದ್ದಲ್ಲೇ ಸ್ಫೋಟಿಸಲಾಯಿತು. ಹವಳದ ದೊಡ್ಡ ಭಾಗಗಳು ಪುಡಿಯಾದವು. ಅಲ್ಲಿ ಹೆಚ್ಚಾಗಿರುವ ಗುಂಡು ಹವಳದ ಜಾತಿ ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಒಂದು ಮೀಟರ್ ಎತ್ತರದ ಗುಂಡು ಎಂದರೆ ಒಂದು ನೂರು ವರ್ಷದ ದುಡಿಮೆ. ಕ್ಷಣದಲ್ಲಿ ಒಡೆದದ್ದು ಮೊಮ್ಮಕ್ಕಳ ಕಾಲಕ್ಕೂ ಹಿಂದಿನಂತಾಗದು.

ಇಲ್ಲಿ ಒಂದು ವಿಷಯವನ್ನು ಗಮನಿಸಿ. ಹವಾಯಿ ರಾಜ್ಯವು ಮೊಲೊಕಿನಿಯನ್ನು ಸಾಗರಜೀವಿ ಸಂರಕ್ಷಣಾ ವಲಯವೆಂದು ಘೋಷಿಸಿದ್ದು 1977ರಲ್ಲಿ. 1984ರ ಸ್ಫೋಟ ನಡೆದದ್ದು ಅದರ ನಂತರ. ಕಾಗದದ ಮೇಲಿನ ರಕ್ಷಣೆ ತಾನಾಗಿಯೇ ನೀರಿಗೆ ಇಳಿಯುವುದಿಲ್ಲ ಎನ್ನುವುದಕ್ಕೆ ಇದೊಂದು ನಿದರ್ಶನ. ಹವಳದ ನಾಶ ಕಂಡು ಜನ ಸಿಟ್ಟಿಗೆದ್ದರು. ಉಳಿದಿದ್ದ ಎರಡು ಬಾಂಬುಗಳನ್ನು ವ್ಯಕ್ತಿಯೊಬ್ಬ ಪ್ರಾಣದ ಹಂಗು ತೊರೆದು ತಾನೇ ಆಳದ ನೀರಿಗೆ ಸಾಗಿಸಿದ. ಆಮೇಲೆ ನೌಕಾಪಡೆಯ ಮುಳುಗುಗಾರರೇ 37 ಮೀಟರ್ ಆಳದವರೆಗೆ ಹುಡುಕಿ, ಸ್ಫೋಟಕಗಳನ್ನು ಕೈಯಿಂದ ತೆಗೆದರು. ಸ್ಫೋಟಿಸದೆ ತೆಗೆಯುವುದು ಸಾಧ್ಯವಿತ್ತು ಎಂದಾಯಿತಲ್ಲ! 

ಲಂಗರಿನ ಪೆಟ್ಟು

ಬಾಂಬಿನಷ್ಟು ಸದ್ದು ಮಾಡದ ಇನ್ನೊಂದು ಹಾನಿಯೂ ಇತ್ತು. ಹವಳ ನೋಡಲು ಬಂದ ಪ್ರತಿ ದೋಣಿಯೂ ಹವಳದ ಮೇಲೆಯೇ ಲಂಗರು ಎಸೆಯುತ್ತಿತ್ತು. ಕಬ್ಬಿಣದ ಕೊಕ್ಕೆ ಬಿದ್ದಾಗ ಒಂದು ಪೆಟ್ಟು, ದೋಣಿ ಗಾಳಿಗೆ ತಿರುಗಿದಾಗ ಸರಪಳಿ ಎಳೆದು ಇನ್ನೊಂದು ಪೆಟ್ಟು, ಮೇಲಕ್ಕೆತ್ತುವಾಗ ಮತ್ತೊಂದು. ದಿನಕ್ಕೆ ಹತ್ತಾರು ದೋಣಿ ಬಂದರೆ ಗತಿಯೇನು?

ಇದಕ್ಕೆ ಪರಿಹಾರ ದೂರದ ಫ್ಲೋರಿಡದಲ್ಲಿ ರೂಪುಗೊಂಡಿತು. 1981ರಲ್ಲಿ ಕೀ ಲಾರ್ಗೋ ಸಾಗರಧಾಮದ ಜೀವವಿಜ್ಞಾನಿ ಜಾನ್ ಹಾಲಸ್, ಕಡಲತಳದ ಬಂಡೆಯಲ್ಲಿ ಸಣ್ಣ ರಂಧ್ರ ಕೊರೆದು, ಸ್ಟೀಲಿನ ಸರಳನ್ನು ಸಿಮೆಂಟಿನಿಂದ ಕೂರಿಸಿ, ಅದಕ್ಕೆ ಹಗ್ಗದ ಮೂಲಕ ತೇಲುಬುರುಡೆ ಕಟ್ಟುವ ವಿಧಾನವನ್ನು ಬಳಕೆಗೆ ತಂದ. ದೋಣಿಗಳು ಆ ಬುರುಡೆಗೆ ಹಗ್ಗ ಕಟ್ಟಿದರೆ ಸಾಕು. ಒಮ್ಮೆ ಕೊರೆದ ಒಂದು ರಂಧ್ರ ಮುಂದಿನ ಸಾವಿರಾರು ಲಂಗರುಗಳನ್ನು ತಪ್ಪಿಸುತ್ತದೆ. ಮೊಲೊಕಿನಿಯಲ್ಲಿಯೂ ಇಂಥ ಶಾಶ್ವತ ಕಟ್ಟುತಾಣಗಳು ಬಂದವು, ವಾಣಿಜ್ಯ ದೋಣಿಗಳಿಗೆ ಪರವಾನಗಿ ಕಡ್ಡಾಯವಾಯಿತು. ಸಾಧನ ಸರಳ, ಆದರೆ ಹವಳ ಉಳಿಸಿದ ಸಾಧನಗಳಲ್ಲಿ ಇದಕ್ಕೆ ಮೇಲಿನ ಸ್ಥಾನ ಕೊಡಬೇಕು.

ಮೀನುಗಳು ಕೊಟ್ಟ ಸಾಕ್ಷ್ಯ

ಹವಳ ಮುಟ್ಟದೆ, ಲಂಗರು ಹಾಕದೆ, ಸುಮ್ಮನೆ ತೇಲಿ ನೋಡಿದರೆ ತೊಂದರೆ ಏನೂ ಇಲ್ಲವೆ? ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳು ಮೊಲೊಕಿನಿಯ ಐದು ಜಾತಿಯ ಬೇಟೆಗಾರ ಮೀನುಗಳಿಗೆ ಶಬ್ದಸಂಕೇತ ಹೊರಡಿಸುವ ಪುಟ್ಟ ಉಪಕರಣ ಅಳವಡಿಸಿ, ಅವುಗಳ ಓಡಾಟವನ್ನು ದಾಖಲಿಸಿದರು. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ದೋಣಿಗಳು ಹೆಚ್ಚಿದ ಹೊತ್ತಿನಲ್ಲಿ, ಹವಾಯಿಯವರು ಓಮಿಲು ಎಂದು ಕರೆಯುವ ನೀಲಿ ರೆಕ್ಕೆಯ ಟ್ರೆವಲಿ ಮೀನುಗಳು ಒಳಬಾಗಿನಿಂದ ದೂರ ಸರಿಯುತ್ತಿದ್ದವು. ಎರಡು ಬಗೆಯ ಶಾರ್ಕ್‌ಗಳೂ ಸೇರಿದಂತೆ ಉಳಿದ ನಾಲ್ಕು ಜಾತಿಗಳಲ್ಲಿ ಇಂಥ ಬದಲಾವಣೆ ಸ್ಪಷ್ಟವಾಗಿ ಕಾಣಲಿಲ್ಲ.

2020ರಲ್ಲಿ ಯಾರೂ ಬಯಸದ ಪ್ರಯೋಗವೊಂದು ತಾನಾಗಿ ನಡೆಯಿತು. ಕೋವಿಡ್ ಕಾರಣ ಆ ವರ್ಷದ ಮಾರ್ಚ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಹವಾಯಿಗೆ ಪ್ರವಾಸಿಗರ ಬರವು ಹೆಚ್ಚುಕಡಿಮೆ ನಿಂತಿತು. ಮೊಲೊಕಿನಿ ನಿರ್ಜನವಾಯಿತು. ಆಗ ನಡೆದ ಸಮೀಕ್ಷೆಗಳಲ್ಲಿ ಒಳಬಾಗಿನ ಮೀನುಗಳು, ಅದರಲ್ಲೂ ಬೇಟೆಗಾರ ಮೀನುಗಳು, ಹೆಚ್ಚಿರುವುದು ಕಂಡುಬಂತು. ದೋಣಿಗಳು ಮರಳಿದಾಗ ಅವು ಮತ್ತೆ ಕಡಿಮೆಯಾದವು. ಮೀನುಗಳು ಸತ್ತಿರಲಿಲ್ಲ, ಜಾಗ ಬಿಟ್ಟುಕೊಟ್ಟಿದ್ದವು ಅಷ್ಟೆ. ಆದರೆ ಬೇಟೆಗಾರ ಮೀನಿಲ್ಲದ ಹೊತ್ತಿನಲ್ಲಿ ಹವಳದ ತಾಣದ ಸಹಜ ವ್ಯವಹಾರ ಏರುಪೇರಾಗುತ್ತದೆ. ನಾವು ಕಾಪಾಡಲು ಹೊರಟದ್ದು ಆ ವ್ಯವಹಾರವನ್ನೇ ಅಲ್ಲವೆ?

ತೇಲುಬುರುಡೆಯಿಂದಾಗಲೀ ಪರವಾನಗಿಯಿಂದಾಗಲೀ ತಡೆಯಲಾಗದ ಅಪಾಯವೂ ಒಂದಿದೆ. ಕಡಲ ನೀರು ಹೆಚ್ಚು ದಿನ ಬಿಸಿಯಾಗಿದ್ದರೆ ಹವಳದ ಜೀವಿಗಳು ತಮ್ಮೊಳಗೆ ಬದುಕಿ ಆಹಾರ ಒದಗಿಸುವ ಸೂಕ್ಷ್ಮ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತವೆ. ಹವಾಯಿಯಲ್ಲಿ 2014 ಮತ್ತು 2015ರಲ್ಲಿ, ನಮ್ಮ ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಈಗಾಗಲೇ ಪೆಟ್ಟು ತಿಂದ ಹವಳಕ್ಕೆ ಇಂಥ ಬಿಸಿಯಿಂದ ಚೇತರಿಸಿಕೊಳ್ಳುವುದು ಇನ್ನಷ್ಟು ಕಷ್ಟ.

ನಮ್ಮ ನೇತ್ರಾಣಿ

ಇಷ್ಟು ದೂರದ ದ್ವೀಪದ ಕಥೆ ನಮಗೇಕೆ ಎನ್ನುವಿರಾ? ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಅರಬ್ಬಿ ಸಮುದ್ರದಲ್ಲಿ ನೇತ್ರಾಣಿ ದ್ವೀಪವಿದೆ. ಅದರ ಸುತ್ತ ಹವಳಗಳಿವೆ, ಬಣ್ಣಬಣ್ಣದ ಮೀನುಗಳಿವೆ. ಬಂಡೆಗಳ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ಕರಾವಳಿಯ ಮೀನುಗಾರರಿಗೆ ಅದು ಪೂಜೆಯ ಸ್ಥಳವೂ ಹೌದು. ಮೊಲೊಕಿನಿಯಂತೆ ಅದೂ ನೌಕಾಪಡೆಯ ಗುರಿ ಅಭ್ಯಾಸಕ್ಕೆ ಒಳಗಾದ ದ್ವೀಪ. ಜೀವವಿಜ್ಞಾನಿಗಳೂ ಮೀನುಗಾರರೂ ಇದನ್ನು ವಿರೋಧಿಸಿ ದನಿ ಎತ್ತಿದ್ದುಂಟು. ಇಂದು ಮಳೆಗಾಲ ಕಳೆದ ಮೇಲೆ ಮುರುಡೇಶ್ವರದಿಂದ ಬೆಳಗಿನ ದೋಣಿಗಳು ಪ್ರವಾಸಿಗರನ್ನು ಅಲ್ಲಿಗೆ ಕರೆದೊಯ್ಯುತ್ತವೆ. ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಸತ್ತು ಬಿದ್ದ ಹವಳದ ತುಂಡೆಂದು ಒಂದನ್ನು ಚೀಲಕ್ಕೆ ಹಾಕಿಕೊಂಡರೂ ಅಪರಾಧವೇ.

ನೀವು ಅಲ್ಲಿಗೆ ಹೋಗುವವರಿದ್ದರೆ ಹಣ ಕೊಡುವ ಮೊದಲು ದೋಣಿಯವರನ್ನು ಎರಡು ಪ್ರಶ್ನೆ ಕೇಳಿ. ದೋಣಿಯನ್ನು ನಿಲ್ಲಿಸುವುದು ಹೇಗೆ, ಲಂಗರಿನಿಂದಲೋ ತೇಲುಬುರುಡೆಯಿಂದಲೋ? ಒಂದೇ ಹೊತ್ತಿಗೆ ಎಷ್ಟು ದೋಣಿಗಳು ಅಲ್ಲಿರುತ್ತವೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಮೊಲೊಕಿನಿಗೆ ಕೆಲವು ದಶಕಗಳೂ ನೂರಾರು ವರ್ಷ ಬೆಳೆದ ಹವಳವೂ ಬೇಕಾದವು. ನಾವು ಅಷ್ಟು ಬೆಲೆ ತೆರಬೇಕಾಗಿಲ್ಲ.