ಲಾಂಗ್‌ವುಡ್ಡಿನ ಹಸುಳೆಗಳು

ಒಂದು ನಾಡಿನ ಮರಣಪ್ರಮಾಣ ಇಳಿಯಿತೆಂದು ಕೇಳಿದೊಡನೆ ಅಲ್ಲಿಯ ಆಬಾಲವೃದ್ಧರೆಲ್ಲರ ಆಯುಷ್ಯವೂ ವೃದ್ಧಿಸಿತೆಂದು ನಾವು ಭಾವಿಸುವುದು ಸಹಜ. ಇಂಗ್ಲೆಂಡಿನ ಅಧಿಕಾರಿಗಳೂ ಹಾಗೆಯೇ ಭಾವಿಸಿದ್ದರು. 1871-80ರ ದಶಕದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸಾವಿರ ಜನರಿಗೆ ವರ್ಷಕ್ಕೆ ಸುಮಾರು 21ರಷ್ಟಿದ್ದ ಮರಣ, 1891-1900ರ ವೇಳೆಗೆ 18ಕ್ಕೆ ಇಳಿದಿತ್ತು. ಒಳಚರಂಡಿ, ಶುದ್ಧವಾದ ನೀರು, ಸಿಡುಬಿನ ಲಸಿಕೆ ಇವುಗಳ ಕೀರ್ತಿಯನ್ನು ಎಲ್ಲರೂ ಹಾಡುತ್ತಿದ್ದರು. ಆದರೆ ಜನಿಸಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ಕಣ್ಮುಚ್ಚುವವರ ಸಂಖ್ಯೆ ಮೊದಲ ದಶಕದಲ್ಲಿ 149 ಇದ್ದುದು ಎರಡನೆಯದರಲ್ಲಿ 153 ಆಯಿತು! 1899ರಲ್ಲಂತೂ ಅದು 163ಕ್ಕೆ ಏರಿತು. ದೊಡ್ಡವರು ಬದುಕಿದ ಲೆಕ್ಕದಲ್ಲಿ ಹಸುಗೂಸುಗಳ ಸಾವು ಮರೆಯಾಗಿತ್ತು.

ಈ ಕೂಸುಗಳಲ್ಲಿ ಅನೇಕವು ಬೇಸಿಗೆಯ ಭೇದಿಗೆ ತುತ್ತಾಗುತ್ತಿದ್ದವು. ಬೀದಿಯ ಕುದುರೆಲದ್ದಿಯಲ್ಲಿ ಹುಟ್ಟಿದ ನೊಣ, ಕಲುಷಿತವಾದ ಹಾಲು, ತೊಳೆಯಲು ಬಾರದ ಉದ್ದನೆಯ ರಬ್ಬರು ನಳಿಗೆಯ ಹಾಲುಬಾಟಲಿ ಇವು ಮೂರೂ ಕೂಡಿ ಮೃತ್ಯುವಿನ ಕೆಲಸವನ್ನು ಮಾಡುತ್ತಿದ್ದವು.

ಉಣ್ಣೆಯ ಗಿರಣಿಗಳಿಗೆ ಹೆಸರಾದ ಹಡರ್ಸ್‌ಫೀಲ್ಡ್ ನಗರಕ್ಕೆ 1904ರ ನವೆಂಬರಿನಲ್ಲಿ ಬೆಂಜಮಿನ್ ಬ್ರಾಡ್‌ಬೆಂಟ್ ಎಂಬವರು ಮೇಯರಾದರು. ಲಾಂಗ್‌ವುಡ್ ಭಾಗದಲ್ಲಿ ತಮ್ಮ ಅಧಿಕಾರದ ವರ್ಷದೊಳಗೆ ಹುಟ್ಟುವ ಪ್ರತಿಯೊಂದು ಶಿಶುವಿಗೂ, ಅದು ಒಂದು ವರ್ಷ ಪೂರೈಸಿದ ದಿನ ಒಂದು ಪೌಂಡು ಕೊಡುವುದಾಗಿ ಅವರು ಮಾತುಕೊಟ್ಟರು. ಒಂದು ಪೌಂಡೆಂದರೆ ಆಗ ಕೂಲಿಗಾರನ ಒಂದು ವಾರದ ಸಂಬಳದಷ್ಟು. ವರ್ಷ ಕಳೆದಾಗ ಲಾಂಗ್‌ವುಡ್ಡಿನ ಶಿಶುಮರಣ ಹಿಂದಿನ ಸರಾಸರಿಯ ಅರ್ಧಕ್ಕಿಂತಲೂ ಕೆಳಗಿಳಿದಿತ್ತು. ನೂರಕ್ಕೆ ತುಸು ಮಿಕ್ಕ ಶಿಶುಗಳ ಒಂದೇ ವರ್ಷದ ಲೆಕ್ಕವಿದು. ಇದನ್ನೇ ಪವಾಡವೆಂದು ಸಾರುವುದು ತರವಲ್ಲ.

ಹಣವೇ ಮಕ್ಕಳನ್ನು ಉಳಿಸಿತೆ? ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅಂದಿನ ಕಾನೂನಿನಂತೆ ಜನನವನ್ನು ನೋಂದಾಯಿಸಲು 42 ದಿನಗಳ ಅವಧಿಯಿತ್ತು. ಸುದ್ದಿ ಕಚೇರಿಗೆ ಮುಟ್ಟುವಷ್ಟರಲ್ಲಿ ಎಷ್ಟೋ ಕೂಸುಗಳು ಮಣ್ಣು ಸೇರಿರುತ್ತಿದ್ದವು. ಬಹುಮಾನದ ದೆಸೆಯಿಂದ ಹುಟ್ಟಿದ ಸುದ್ದಿ ಕೂಡಲೇ ಹೊರಬಿದ್ದಿತು. ಸುದ್ದಿ ತಿಳಿದುದರಿಂದ ಬಾಣಂತಿಯ ಮನೆಗೆ ಹೋಗಿ ಮೊಲೆಹಾಲಿನ ಮಹತ್ವವನ್ನು ತಿಳಿಸುವುದು ಸಾಧ್ಯವಾಯಿತು. ನಗರಸಭೆಯು ಇಬ್ಬರು ವೈದ್ಯೆಯರನ್ನು ಇದಕ್ಕಾಗಿಯೇ ನೇಮಿಸಿತು. ಜನನವನ್ನು 48 ಗಂಟೆಗಳೊಳಗೆ ತಿಳಿಸಬೇಕೆಂಬ ಶಾಸನವನ್ನು 1906ರಲ್ಲಿ ತನಗಾಗಿ ಪಡೆದುಕೊಂಡಿತು. 1907ರಲ್ಲಿ ಇಡೀ ದೇಶಕ್ಕೆ ಅಂಥದೇ ಕಾಯಿದೆ ಬಂದಿತಾದರೂ ಅದನ್ನು ಒಪ್ಪುವುದು ಆಯಾ ಊರಿನ ಇಚ್ಛೆಗೆ ಬಿಟ್ಟಿತ್ತು. ಎಲ್ಲೆಡೆಯೂ ಕಡ್ಡಾಯವಾದುದು 1915ರಲ್ಲಿ.

ಲಂಡನ್ನಿನ ಫಿನ್ಸ್‌ಬರಿಯ ಆರೋಗ್ಯಾಧಿಕಾರಿ ಜಾರ್ಜ್ ನ್ಯೂಮನ್ನರು 1906ರ ತಮ್ಮ ಗ್ರಂಥದಲ್ಲಿ ಶಿಶುಮರಣವನ್ನು ಮುಖ್ಯವಾಗಿ ಮಾತೃತ್ವದ ಪ್ರಶ್ನೆಯೆಂದು ಕಂಡರು. ತಾಯಂದಿರ ಮೇಲೆ ಹೊರಿಸಿದ ಈ ಭಾರ ನ್ಯಾಯವಾದುದೆಂದು ನಮಗೆ ತೋರುವುದಿಲ್ಲ. ಬೀದಿಯ ಲದ್ದಿಯನ್ನು ಎತ್ತಿಸುವುದು ತಾಯಿಯ ಕೈಯಲ್ಲಿರಲಿಲ್ಲ. ಶುದ್ಧವಾದ ಹಾಲನ್ನು ಊರಿಗೆ ತರಿಸುವುದೂ ಅವಳ ಕೈಯಲ್ಲಿರಲಿಲ್ಲ. 1910ರಲ್ಲಿ 105ಕ್ಕೆ ಇಳಿದಿದ್ದ ದೇಶದ ಶಿಶುಮರಣಪ್ರಮಾಣ, 1911ರ ಬಿರುಬೇಸಿಗೆಯಲ್ಲಿ ಮತ್ತೆ 130ಕ್ಕೆ ಜಿಗಿಯಿತು. ತಾಯಂದಿರು ಆ ಒಂದು ವರ್ಷದಲ್ಲಿ ಅಜ್ಞಾನಿಗಳಾದರೇನು? ಮರುವರ್ಷ ಬೇಸಿಗೆ ತಂಪಾಗಿದ್ದಿತು. ಪ್ರಮಾಣ 95ಕ್ಕೆ ಇಳಿಯಿತು.