ತಡವರಿಸುವ ಇಂಜಿನಿನ ವಂಶಾವಳಿ

ಗಂಗಾವಳಿ ಹೊಳೆ ಕಡಲನ್ನು ಸೇರುವೆಡೆಯ ಮಂಜಗುಣಿಯಂಥ ಊರಿನಲ್ಲಿ ಮನುಷ್ಯರಿಗಿಂತ ಮೊದಲು ಯಂತ್ರಗಳಿಗೆ ನೆಗಡಿಯಾಗುತ್ತದೆ. ವರ್ಷವಿಡೀ ಉಪ್ಪುಗಾಳಿ, ಜೂನ್ ಬಂತೆಂದರೆ ಬಿಡದೆ ಸುರಿಯುವ ಮಳೆ. ಈ ಕರಾವಳಿಯ ಕಡೆ ಹಳೆಯ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲು ಎದುರಾದರೆ ಅದರ ಸದ್ದಿಗೆ ಕಿವಿಗೊಡುವುದು ನನಗೆ ಬಹುಕಾಲದ ಅಭ್ಯಾಸ. ನಿಂತಲ್ಲಿ ಇಂಜಿನು ಸುಖವಾಗಿಯೇ ಆಡುತ್ತಿರುತ್ತದೆ. ಸವಾರ ವೇಗ ಬೇಕೆಂದು ಹಿಡಿಕೆ ತಿರುವಿದೊಡನೆ ಒಮ್ಮೆ ಉಗ್ಗುತ್ತದೆ, ಆಮೇಲೆ ಜಗ್ಗುತ್ತದೆ. ಗ್ಯಾರೇಜಿನವರು ಇದನ್ನು ‘ಪಿಕಪ್ ಇಲ್ಲ’ ಎನ್ನುತ್ತಾರೆ.

ಈ ಅರೆಗಳಿಗೆಯ ತಡವರಿಕೆಗೆ ನೂರಕ್ಕೂ ಮಿಕ್ಕಿದ ವರ್ಷಗಳ ಇತಿಹಾಸವುಂಟು. ಇಂಜಿನಿನ ಒಂದೊಂದು ಭಾಗವೂ ಹಿಂದಿನವರಿಗೆ ಎದುರಾದ ಒಂದೊಂದು ತೊಡಕಿಗೆ ಕಂಡುಕೊಂಡ ಉತ್ತರ. ಆ ಭಾಗ ಕೆಟ್ಟಿತೆಂದರೆ ಆ ಹಳೆಯ ತೊಡಕೇ ಮರಳಿ ಬಂದಿತೆಂದು ಅರ್ಥ. ಆದ್ದರಿಂದ ಇಂಜಿನಿನ ರೋಗ ಹುಡುಕುವುದೆಂದರೆ ಇತಿಹಾಸವನ್ನು ಓದಿದಂತೆಯೇ ಸರಿ.

ಮೊದಲು ಪೆಟ್ರೋಲಿನ ಮಾತು. 1885ರಲ್ಲಿ ಜರ್ಮನಿಯ ಡೈಮ್ಲರ್ ಮತ್ತು ಮೇಬಾಖ್ ಮರದ ಚೌಕಟ್ಟಿನ ಗಾಡಿಯೊಂದಕ್ಕೆ ಇಂಜಿನು ಕೂರಿಸಿದರು. ಅಂದಿನ ಏರ್ಪಾಟಿನಲ್ಲಿ ಗಾಳಿ ಪೆಟ್ರೋಲಿನ ಸಂಗಡ ಹಾದು ಆವಿಯನ್ನು ಹೊತ್ತು ಒಳಹೋಗಬೇಕಿತ್ತು. ಓಟ ಬದಲಾದಂತೆ ಬೆರಕೆಯ ಅಳತೆ ತಪ್ಪುತ್ತಿತ್ತು. 1893ರಲ್ಲಿ ಮೇಬಾಖ್ ಸಣ್ಣ ರಂಧ್ರದಿಂದ ಪೆಟ್ರೋಲನ್ನು ತುಂತುರಾಗಿ ಬಿಡುವ ಕಾರ್ಬ್ಯುರೇಟರನ್ನು ರೂಪಿಸಿದ. ಆದರೂ ಗಾಳಿ ಹಗುರ, ಪೆಟ್ರೋಲು ಭಾರ. ಥಟ್ಟನೆ ದಾರಿ ತೆರೆದರೆ ಗಾಳಿ ನುಗ್ಗುತ್ತದೆ, ಪೆಟ್ರೋಲು ಹಿಂದುಳಿಯುತ್ತದೆ. ಆ ರಂಧ್ರದಲ್ಲಿ, ಅಂದರೆ ಜೆಟ್ಟಿನಲ್ಲಿ, ಕಸ ಕೂತಿದ್ದರೆ ಅಥವಾ ಪೆಟ್ರೋಲಿನಲ್ಲಿ ನೀರು ಸೇರಿದ್ದರೆ ಕೇಳುವುದೇ ಬೇಡ. ಚೋಕನ್ನು ತುಸು ಹಾಕಿದಾಗ ಓಟ ಸುಧಾರಿಸಿದರೆ ಕೊರತೆ ಪೆಟ್ರೋಲಿನದೆಂದು ತಿಳಿಯಬಹುದು. ಟ್ಯಾಂಕಿನ ಮುಚ್ಚಳದ ಗಾಳಿತೂತು ಮುಚ್ಚಿಕೊಂಡಿದ್ದರೂ ಇದೇ ಫಲ. ಪ್ಲಗ್ಗು ಬಿಚ್ಚಿ ನೋಡಿದರೆ ಅದೇ ಸಾಕ್ಷಿ ಹೇಳುತ್ತದೆ: ಬೆಳ್ಳಗಾಗಿದ್ದರೆ ಪೆಟ್ರೋಲು ಕಡಿಮೆ, ಕರ್ರಗೆ ಒದ್ದೆಯಾಗಿದ್ದರೆ ಹೆಚ್ಚು, ಕಂದು ಬಣ್ಣವಿದ್ದರೆ ಸಮ.

ಎರಡನೆಯದು ಕಿಡಿ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ, 1910ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂದ ಬ್ಯಾಟರಿ ಮತ್ತು ಕಾಯಿಲಿನ ಪದ್ಧತಿಯೇ ಹಳೆಯ ಜಾವಾದಲ್ಲೂ ಇದೆ. ಹಿಡಿಕೆ ತಿರುವಿದಾಗ ಸಿಲಿಂಡರಿನೊಳಗಿನ ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಕಿಡಿ ಹಾರುವುದು ಕಷ್ಟ. ಉಪ್ಪುಗಾಳಿಗೆ ಪಾಯಿಂಟು ಮಸುಕಾಗಿದ್ದರೆ, ಕಂಡೆನ್ಸರು ಸೋತಿದ್ದರೆ, ನಿಂತಾಗ ಸರಿಯಿದ್ದ ಇಂಜಿನು ಓಡುವಾಗ ಕೈಕೊಡುತ್ತದೆ.

ಮೂರನೆಯದು ಉಸಿರು. 1890ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಜೋಸೆಫ್ ಡೇ, ಪಿಸ್ಟನ್ನಿನ ಕೆಳಗಿನ ಪೆಟ್ಟಿಗೆಯನ್ನೇ ಗಾಳಿಯ ಪಂಪಾಗಿಸಿ ಸರಳವಾದ ಟೂ ಸ್ಟ್ರೋಕ್ ಇಂಜಿನು ಕಟ್ಟಿದ. ಜಾವಾ ಆ ವಂಶದ್ದು. ಪೆಟ್ಟಿಗೆಯ ಸೀಲು ಸವೆದರೆ ಕಳ್ಳಗಾಳಿ ಒಳನುಗ್ಗುತ್ತದೆ. ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆ ಸುಟ್ಟು ಸೈಲೆನ್ಸರಿನಲ್ಲಿ ಮಸಿ ಕಟ್ಟಿದರೆ ಹೊಗೆಗೆ ಹೊರದಾರಿ ಇಲ್ಲವಾಗುತ್ತದೆ. ಉಸಿರು ಬಿಡಲಾಗದವನು ಓಡುವುದೆಂತು?

ಈ ವಿದ್ಯೆ ನಮ್ಮ ನಾಡಿನಲ್ಲಿ ಹರಡಿದ್ದಕ್ಕೆ ಮೈಸೂರಿನ ಪಾಲು ದೊಡ್ಡದು. ಜೆಕೊಸ್ಲೊವಾಕಿಯಾದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ಹಕ್ಕನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರ ಸೇರಿಸಿ ‘ಜಾವಾ’ ಎಂದ. ರುಸ್ತುಂ ಇರಾನಿ, ಫರೂಕ್ ಇರಾನಿ ಅವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಅದನ್ನು ತಯಾರಿಸಿತು. 1973ರಿಂದ ಹೆಸರು ಯೆಜ್ಡಿ. ಕಿಕ್ಕಿನ ಕಡ್ಡಿಯೇ ಗೇರಿನ ಕಡ್ಡಿಯೂ ಆಗಿದ್ದ ಆ ಗಾಡಿಯನ್ನು ಕಂಡವರು ಮರೆಯಲಾರರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಊರೂರಿನ ಗ್ಯಾರೇಜುಗಳಲ್ಲಿ ಕಿವಿ, ಕಣ್ಣು, ಬೆರಳುಗಳ ಮೂಲಕ ಕಲಿತ ವಿದ್ಯೆ ಮುಚ್ಚಲಿಲ್ಲ. ಹಳೆಯ ಗಾಡಿಗಳು ಇಂದಿಗೂ ಓಡುತ್ತಿರುವುದು ಆ ಕೈಗಳಿಂದ.

2018ರಲ್ಲಿ ಜಾವಾ ಹೆಸರು ಮರಳಿತು, ಆದರೆ ಫೋರ್ ಸ್ಟ್ರೋಕ್ ಇಂಜಿನಿನೊಡನೆ. 2020ರ ಏಪ್ರಿಲ್ 1ರಿಂದ ಜಾರಿಯಾದ ಹೊಗೆಯ ಹೊಸ ನಿಯಮಗಳ ಮೇಲೆ ಹೆಚ್ಚಿನ ಹೊಸ ಮೋಟಾರ್ ಸೈಕಲ್ಲುಗಳಿಂದ ಕಾರ್ಬ್ಯುರೇಟರು ಮಾಯವಾಯಿತು. ಹಿಡಿಕೆ ಎಷ್ಟು ತಿರುಗಿತೆಂದು ಪುಟ್ಟ ಗಣಕವೊಂದು ಅಳೆದು ಪೆಟ್ರೋಲು ಚಿಮ್ಮಿಸುತ್ತದೆ. ತಪ್ಪಿದರೆ ಸಂಕೇತದ ಸಂಖ್ಯೆಯನ್ನೂ ಕೊಡುತ್ತದೆ. ಇದು ಒಳ್ಳೆಯದೇ. ಆದರೆ ಸಂಖ್ಯೆ ಸಿಕ್ಕಿತೆಂದು ಭಾಗ ಬದಲಿಸುವವನಿಗೂ ಕಾರಣ ಹುಡುಕುವವನಿಗೂ ಅಂತರವಿದೆ. ನಾನು ಕಂಡ ಹಿರಿಯ ಮೇಸ್ತ್ರಿಗಳ ನಿಯಮ ಸರಳ: ಒಂದು ಸಲಕ್ಕೆ ಒಂದನ್ನೇ ಮುಟ್ಟು, ಓಡಿಸಿ ನೋಡು, ಆಮೇಲೆ ಮುಂದಿನದು. ಮೂರನ್ನು ಒಟ್ಟಿಗೆ ಬದಲಿಸಿದರೆ ಗಾಡಿ ಓಡೀತು. ರೋಗ ಯಾವುದೆಂದು ಮಾತ್ರ ತಿಳಿಯದೆ ಉಳಿದೀತು. ಈ ತಾಳ್ಮೆಯನ್ನು ಕಲಿಯುವ ಹುಡುಗರು ಗ್ಯಾರೇಜುಗಳಲ್ಲಿ ಇರುವಷ್ಟು ದಿನ ಮೈಸೂರಿನ ಆ ಹಳೆಯ ಇಂಜಿನುಗಳು ಗುಜರಿಯ ಪಾಲಾಗಲಾರವು.